ಮಾನಸಗಂಗೋತ್ರಿಯ ಕ್ರೈಸ್ತ ಪೀಠ ಮತ್ತು ನಾವು

ಕ್ಯಾಥೊಲಿಕರು ಕಟ್ಟಿದ ಕಾಲೇಜುಗಳ ಮಾತು ನಮ್ಮ ಜಮಾಅತಿನ ಸಭೆಗಳಲ್ಲಿ ಬಂದಾಗಲೆಲ್ಲ ಒಂದು ನಿಟ್ಟುಸಿರು ಕೇಳಿಸುತ್ತದೆ. 'ಅವರನ್ನು ನೋಡಿ ಕಲೀಬೇಕು ಸಾಹೇಬರೆ' ಎಂದು ಯಾರಾದರೊಬ್ಬರು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ, ಅಷ್ಟರಲ್ಲಿ ಚಹಾ ಬರುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ 1880ರದು, ಬೆಂಗಳೂರಿನ ಸಂತ ಜೋಸೆಫರ ಕಾಲೇಜು 1882ರದು, ಮೈಸೂರಿನ ಸಂತ ಫಿಲೋಮಿನಾ 1946ರದು. ಕಾಲೇಜುಗಳಾಗಿದ್ದ ಕೆಲವು ಈಗ ವಿಶ್ವವಿದ್ಯಾನಿಲಯಗಳೇ ಆಗಿವೆ. ಬೆಂಗಳೂರಿನ ಕ್ರೈಸ್ಟ್ 2008ರಲ್ಲಿ, ಸಂತ ಜೋಸೆಫರದು 2022ರಲ್ಲಿ, ಅಲೋಶಿಯಸ್ 2024ರಲ್ಲಿ ಆ ಪಟ್ಟಕ್ಕೆ ಏರಿದವು. ಕಲಿಯುವುದು ಇದೆ, ಇಲ್ಲವೆನ್ನುವುದಿಲ್ಲ. ನಮ್ಮಲ್ಲೇ ಎಷ್ಟೋ ಮಂದಿಗೆ ಅಕ್ಷರ ಕೊಟ್ಟವರು ಬಿಳಿ ನಿಲುವಂಗಿಯ ಫಾದರುಗಳು ಮತ್ತು ಸಿಸ್ಟರುಗಳು.

ಆದರೆ ಇವೆಲ್ಲ ತಮ್ಮ ನೆಲದಲ್ಲಿ ತಾವು ಕಟ್ಟಿಕೊಂಡ ಮನೆಗಳು. ಅಲ್ಲಿಗೆ ಹೋಗುವ ಹಿಂದೂ, ಮುಸ್ಲಿಂ ಹುಡುಗ ನೆಂಟನ ಹಾಗೆ ಇರುತ್ತಾನೆ. ಮನೆಯವರ ನಂಬಿಕೆಯ ಬಗ್ಗೆ ಕೇಳುವುದು ಮರ್ಯಾದೆಯಲ್ಲ ಎಂದುಕೊಳ್ಳುತ್ತಾನೆ. ಅಲೋಶಿಯಸ್ ಆವರಣದ ಚಾಪೆಲಿನ ಗೋಡೆ, ಛಾವಣಿಗಳ ಮೇಲೆ ಇಟಲಿಯಿಂದ ಬಂದ ಜೆಸ್ವಿಟ್ ಸೋದರ ಆಂಟೋನಿಯೋ ಮೊಸ್ಕೇನಿ 1899ರಿಂದ 1901ರವರೆಗೆ ಬರೆದ ಚಿತ್ರಗಳನ್ನು ನೋಡಿದವರಿಗೆ ನಾವು ಹೇಳುವುದು ಅರ್ಥವಾದೀತು. ಅದೊಂದು ಬೆರಗು. ಕತ್ತು ನೋಯುವವರೆಗೆ ತಲೆಯೆತ್ತಿ ನೋಡುತ್ತೇವೆ. ಹಾಗೆ ತಲೆಯೆತ್ತಿ ನಿಂತವರು ಪ್ರಶ್ನೆ ಕೇಳುವುದಿಲ್ಲ, ಅಷ್ಟೆ.

ನಾವು ಇಲ್ಲಿ ಚರ್ಚಿಸಹೊರಟಿರುವುದು ಇನ್ನೊಂದು ಬಗೆಯ ಪ್ರವೇಶವನ್ನು. ತನ್ನದಲ್ಲದ ಆವರಣಕ್ಕೆ, ಎಲ್ಲರ ತೆರಿಗೆಯಿಂದ ನಡೆಯುವ ವಿಶ್ವವಿದ್ಯಾನಿಲಯಕ್ಕೆ, ಒಂದು ಅಲ್ಪಸಂಖ್ಯಾತ ಧರ್ಮ ತನ್ನನ್ನು ಪಾಠವಾಗಿ ಒಪ್ಪಿಸಿಕೊಳ್ಳುವುದು. ಎಪ್ಪತ್ತರ ದಶಕ ಮುಗಿದು ಎಂಬತ್ತು ಹುಟ್ಟುವ ಹೊತ್ತಿನಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದು ನಡೆಯಿತು. ಅಲ್ಲಿ ಕ್ರೈಸ್ತ ಧರ್ಮದ ಅಧ್ಯಯನಕ್ಕೆಂದು ಒಂದು ಪೀಠ, ಅದರಿಂದ ಒಂದು ವಿಭಾಗ ಹುಟ್ಟಿತು. ಅದನ್ನು ಕಟ್ಟಿದವರು ಫಾದರ್ ಡಿ.ಎಸ್. ಅಮಲೋರ್ಪವದಾಸ್ ಎಂಬ ಕ್ಯಾಥೊಲಿಕ್ ಪಾದ್ರಿ. ನಮ್ಮ ಕನ್ನಡ ವಿಮರ್ಶೆ ಅವರ ಹೆಸರನ್ನು ಹೆಚ್ಚುಕಡಿಮೆ ಮರೆತೇ ಬಿಟ್ಟಿದೆ. ಇಂಗ್ಲಿಷಿನಲ್ಲಿ ಬರೆದವರು, ತಮಿಳು ಮನೆಮಾತಿನವರು, ಮೇಲಾಗಿ ಪಾದ್ರಿ. ಮರೆಯಲು ಇಷ್ಟು ಕಾರಣ ನಮಗೆ ಸಾಕಾಗುತ್ತದೆ.

ಅವರು 1932ರಲ್ಲಿ ಪಾಂಡಿಚೇರಿ ಸೀಮೆಯ ಕಲ್ಲೇರಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಅವರ ಅಣ್ಣ ಸೈಮನ್ ಲೂರ್ದುಸ್ವಾಮಿ ಬೆಂಗಳೂರಿನ ಆರ್ಚ್‌ಬಿಷಪ್ ಆಗಿದ್ದು ಮುಂದೆ ರೋಮ್‌ಗೆ ಹೋಗಿ ಕಾರ್ಡಿನಲ್ ಆದವರು. ತಮ್ಮ ಪ್ಯಾರಿಸ್ಸಿನಲ್ಲಿ ಓದಿ ಬಂದರು. 1962ರಿಂದ 65ರವರೆಗೆ ರೋಮ್‌ನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಕ್ಯಾಥೊಲಿಕ್ ಜಗತ್ತಿನ ಕಿಟಕಿಗಳನ್ನು ತೆರೆದಿತ್ತು. ಲ್ಯಾಟಿನ್ ಬಿಟ್ಟು ಜನರ ಭಾಷೆಯಲ್ಲಿ ಪೂಜೆ ಮಾಡಬಹುದು ಎಂದಿತ್ತು. ಇತರ ಧರ್ಮಗಳನ್ನು ಕುರಿತ 1965ರ ಘೋಷಣೆಯಲ್ಲಿ, ಮುಸಲ್ಮಾನರನ್ನೂ ಚರ್ಚು ಗೌರವದಿಂದ ಕಾಣುತ್ತದೆ ಎಂದು ಹೇಳಿತ್ತು. ಶತಮಾನಗಳ ಕ್ರೂಸೇಡುಗಳ ನೆನಪಿರುವ ಸಂಸ್ಥೆ ಆಡಿದ ಈ ಮಾತು ಸಣ್ಣದಲ್ಲ. ಆ ಗಾಳಿಯನ್ನು ಭಾರತದ ಚರ್ಚುಗಳ ಒಳಗೆ ಬಿಟ್ಟವರಲ್ಲಿ ಅಮಲೋರ್ಪವದಾಸ್ ಮುಖ್ಯರು. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರದ ಸ್ಥಾಪಕ ನಿರ್ದೇಶಕರು ಅವರು. 1974ರಲ್ಲಿ ರೋಮ್‌ನಲ್ಲಿ ಬಿಷಪರ ಮಹಾಸಭೆ ಸೇರಿದಾಗ ಅದರ ವಿಶೇಷ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿದ್ದರು. ಅಂಥ ಎತ್ತರದ ಮನುಷ್ಯ ಚರ್ಚಿನ ಒಳಗೇ ಇನ್ನೂ ಎತ್ತರಕ್ಕೆ ಹೋಗಬಹುದಾಗಿತ್ತು. ಅವರು ಮಾನಸಗಂಗೋತ್ರಿಯ ಪಾಠದ ಕೋಣೆಗೆ ಬಂದರು.

ಇದರ ತೂಕ ಗೊತ್ತಾಗಬೇಕಾದರೆ ಇನ್ನೂರು ವರ್ಷ ಹಿಂದಕ್ಕೆ, ನಮ್ಮ ಹಾಸನ ಸೀಮೆಗೆ ಬರಬೇಕು. ಪಾಂಡಿಚೇರಿಯ ಕಡೆಯಿಂದಲೇ ಘಟ್ಟ ಹತ್ತಿ ಮೈಸೂರು ರಾಜ್ಯಕ್ಕೆ ಬಂದ ಇನ್ನೊಬ್ಬ ಕ್ಯಾಥೊಲಿಕ್ ಪಂಡಿತನ ಕಥೆ ಇಲ್ಲಿದೆ. ಫ್ರಾನ್ಸಿನ ಅಬ್ಬೆ ದುಬ್ವಾ 1792ರಲ್ಲಿ ಭಾರತಕ್ಕೆ ಹೊರಟು ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿಯ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಅವರನ್ನು ಕರೆಸಲಾಯಿತು. ಚದುರಿದವರು ಯಾಕೆ ಚದುರಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಿಸಿದ. ದಾರಿಯಲ್ಲಿ ಸತ್ತವರಿದ್ದಾರೆ, ಸೆರೆಯಲ್ಲಿ ಸತ್ತವರಿದ್ದಾರೆ, ಬಲವಂತದಿಂದ ಮತ ಬದಲಾಯಿಸಿಕೊಂಡವರಿದ್ದಾರೆ. ಸಂಖ್ಯೆಯ ಬಗ್ಗೆ ಜಗಳವಿದೆ, ಘಟನೆಯ ಬಗ್ಗೆ ಇಲ್ಲ. ಟಿಪ್ಪುವನ್ನು ರಾಕ್ಷಸನೆಂದು ಚಿತ್ರಿಸುವವರ ಗದ್ದಲದಲ್ಲಿ ನಮ್ಮವರು ಈ ಪುಟವನ್ನು ಮಗುಚಿ ಹಾಕುತ್ತಾರೆ. ಹಾಗೆ ಮಗುಚಿದರೆ ಕ್ಯಾಥೊಲಿಕ್ ನೆರೆಯವನ ಜೊತೆ ಮಾತಾಡುವಾಗ ನಮ್ಮ ದನಿಯಲ್ಲೇ ಏನೋ ಒಡಕು ಕೇಳಿಸುತ್ತದೆ.

ದುಬ್ವಾ ದೇಸಿ ಉಡುಗೆ ತೊಟ್ಟರು, ಇಲ್ಲಿಯ ಊಟ ಉಂಡರು, ಹಾಸನದ ಹತ್ತಿರ ಸಾತಳ್ಳಿಯಲ್ಲಿ ಬಡ ಕ್ರೈಸ್ತ ರೈತರನ್ನು ನೆಲೆ ನಿಲ್ಲಿಸಿದರು, ಸಿಡುಬಿಗೆ ಲಸಿಕೆ ಹಾಕಿಸಲು ಊರೂರು ಸುತ್ತಿದರು. ಜನ ಅವರನ್ನು 'ದೊಡ್ಡಸ್ವಾಮಿ' ಎಂದು ಕರೆದರು. ಈ ಪದವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಪಾದ್ರಿಯನ್ನು ಸ್ವಾಮಿ ಎಂದು ಕರೆಯಲು ಹಾಸನದ ರೈತನಿಗೆ ಯಾವ ಮಹಾಸಭೆಯ ಅನುಮತಿಯೂ ಬೇಕಾಗಿರಲಿಲ್ಲ.

ಆದರೆ ದೊಡ್ಡಸ್ವಾಮಿ ಜಗತ್ತಿಗೆ ಪರಿಚಯವಾದದ್ದು ಸಾತಳ್ಳಿಯಿಂದಲ್ಲ, ಹಿಂದೂಗಳ ಆಚಾರವಿಚಾರಗಳನ್ನು ಕುರಿತ ದೊಡ್ಡ ಗ್ರಂಥದಿಂದ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸರ್ಕಾರ 2000 ವರಹ ಕೊಟ್ಟು ಕೊಂಡಿತು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಆಳುವವರಿಗೆ ಆಳಿಸಿಕೊಳ್ಳುವವರನ್ನು ತಿಳಿಯುವುದಕ್ಕೆ ಒಂದು ಕೈಪಿಡಿ ಬೇಕಾಗಿತ್ತು. ಆ ಗ್ರಂಥದ ದೊಡ್ಡದೊಂದು ಭಾಗ ಹಿಂದಿನ ಜೆಸ್ವಿಟ್ ಪಾದ್ರಿ ಕೋರ್ದೂ ಅವರ ಹಸ್ತಪ್ರತಿಯಿಂದ ಎತ್ತಿಕೊಂಡದ್ದು ಎಂಬುದನ್ನು ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದ್ವಾಂಸೆ 1987ರಲ್ಲಿ ತೋರಿಸಿಕೊಟ್ಟರು. ಅದು ಹಾಗಿರಲಿ. ನಮ್ಮ ಗಮನ ಸೆಳೆಯುವುದು ಬೇರೆ: ಹಗಲೆಲ್ಲ ಒಕ್ಕಲು ಮಕ್ಕಳ ನಡುವೆ ಇದ್ದ ಮನುಷ್ಯನ ಪುಸ್ತಕದ ಮಧ್ಯಭಾಗವನ್ನೆಲ್ಲ ಬ್ರಾಹ್ಮಣನ ಜೀವನದ ನಾಲ್ಕು ಆಶ್ರಮಗಳು ತುಂಬಿಕೊಂಡಿವೆ. ಅವನ ಉಪನಯನ, ಅವನ ಸಂಧ್ಯಾವಂದನೆ, ಅವನ ಮದುವೆ, ಅವನ ಸಾವು. ಕೆಳಜಾತಿಗಳ ಮಾತೂ ಇದೆ, ಇಲ್ಲವೆಂದಲ್ಲ. ಆದರೂ ತನ್ನ ಬಲಿಪೂಜೆಗೆ ಬರುತ್ತಿದ್ದ ಹೆಂಗಸು ರಾಗಿ ಬೀಸುವಾಗ ಏನು ಹಾಡುತ್ತಿದ್ದಳು ಎಂದು ತಿಳಿಯಲು ಆ ಪುಸ್ತಕದಿಂದ ಸಾಧ್ಯವಿಲ್ಲ. ಕೊನೆಗೆ 1823ರಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತು ಎಂಬ ಪತ್ರಗಳನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿ, ಕಂಪನಿಯ ಪಿಂಚಣಿ ಪಡೆದು, ಫ್ರಾನ್ಸಿಗೆ ಹಿಂದಿರುಗಿ, 1848ರಲ್ಲಿ ತೀರಿಕೊಂಡರು.

ಹಾಗೆ ನೋಡಿದರೆ ದುಬ್ವಾ ನೋಡುವವರು. ನೋಡಿ ಬರೆದು ಬೇರೆಯವರಿಗೆ ಒಪ್ಪಿಸಿದವರು. ಅಮಲೋರ್ಪವದಾಸ್ ಇದನ್ನು ತಿರುವು ಮುರುವು ಮಾಡಿದರು. ವಿಶ್ವವಿದ್ಯಾನಿಲಯದ ವಿಭಾಗ ಎಂದರೆ ಪಠ್ಯಕ್ರಮ, ಹಾಜರಿ, ಹೊರಗಿನ ಪರೀಕ್ಷಕರು. ಯೇಸುವಿನ ಪುನರುತ್ಥಾನ ಅಲ್ಲಿ ಹದಿನೈದು ಅಂಕದ ಪ್ರಶ್ನೆಯಾಗಬೇಕು; ಅದನ್ನು ನಂಬದ ಹುಡುಗಿಗೆ ಹದಿಮೂರು ಸಿಗಬಹುದು, ದಿನವೂ ಜಪಸರ ಹಿಡಿಯುವ ಹುಡುಗನಿಗೆ ಐದು ಸಿಗಬಹುದು. ಪೀಠದ ಮೇಲೆ ನಿಂತು ಪ್ರವಚನ ಹೇಳಿ ಅಭ್ಯಾಸವಿದ್ದವರಿಗೆ ಇದು ಸುಲಭದ ಶಿಕ್ಷೆಯಲ್ಲ. ನಮ್ಮ ಮೌಲಾನಾಗಳನ್ನು ಆ ಜಾಗದಲ್ಲಿ ಕಲ್ಪಿಸಿಕೊಂಡು ನೋಡಿ. ಸ್ವಾಮೀಜಿಗಳನ್ನೂ ಕಲ್ಪಿಸಿಕೊಳ್ಳಿ, ನಮಗೆ ಅಭ್ಯಂತರವಿಲ್ಲ.

ಮಾನಸಗಂಗೋತ್ರಿಯಲ್ಲಿ ಈ ದಾರಿಯನ್ನು ಮೊದಲು ತುಳಿದವರು ಕ್ರೈಸ್ತರಲ್ಲ, ಜೈನರು. 1971ರಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗಕ್ಕೆ ಎ.ಎನ್. ಉಪಾಧ್ಯೆಯಂಥ ಘನ ವಿದ್ವಾಂಸರು ಮುಖ್ಯಸ್ಥರಾಗಿ ಬಂದಿದ್ದರು. ಜೈನರಿಗೆ ಅದು ಕಷ್ಟವಾಗಲಿಲ್ಲ, ಯಾಕೆಂದರೆ ಅವರ ಬಿಡಾರ ಹೋಗುವ ಮೊದಲೇ ಅವರ ಕವಿಗಳು ಅಲ್ಲಿ ಕೂತಿದ್ದರು. ಪಂಪ, ರನ್ನ, ಜನ್ನರನ್ನು ಬಿಟ್ಟು ಯಾರು ಕನ್ನಡ ಎಂ.ಎ. ಮಾಡಿಯಾರು? ತೀರ್ಥಂಕರರ ಭವಾವಳಿಯನ್ನು ಬಾಯಿಪಾಠ ಮಾಡಿ ಪಾಸಾದ ಮುಸ್ಲಿಂ ಹುಡುಗರು ನಮ್ಮ ಪೈಕಿಯೇ ಇದ್ದೇವೆ. ಅಂಥ ಅದೃಷ್ಟ ಕ್ರೈಸ್ತರಿಗೂ ಇಲ್ಲ, ನಮಗೂ ಇಲ್ಲ.

ಜೈನರ ಈ ಹೊಂದಾಣಿಕೆ ಹೇಗೆ ಆಯಿತು ಎಂಬುದನ್ನು ಕಣ್ಣಿಂದ ನೋಡಬೇಕೆನ್ನುವವರು ಚನ್ನರಾಯಪಟ್ಟಣ ತಾಲ್ಲೂಕಿನ ಜಿನನಾಥಪುರಕ್ಕೆ ಹೋಗಬೇಕು. ಶ್ರವಣಬೆಳಗೊಳಕ್ಕೆ ಬರುವ ಬಸ್ಸುಗಳು ಅಲ್ಲಿಯೇ ಜನರನ್ನು ಇಳಿಸಿ ಹಿಂದಿರುಗುತ್ತವೆ. ಬೆಟ್ಟದ ಉತ್ತರಕ್ಕೆ ಸುಮಾರು ಒಂದು ಮೈಲಿ ಆಚೆ ಇರುವ ಈ ಊರಿಗೆ ಬರುವವರು ಕಡಿಮೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜ 12ನೇ ಶತಮಾನದ ಆರಂಭದಲ್ಲಿ ನೆಲೆಗೊಳಿಸಿದ ಊರು ಇದು. ಇಲ್ಲಿಯ ಶಾಂತಿನಾಥ ಬಸದಿಯನ್ನು ಸುಮಾರು 1200ರಲ್ಲಿ ರೇಚಿಮಯ್ಯ ಕಟ್ಟಿಸಿದ. ಬೆಳಗೊಳದ ಬಸದಿಗಳ ಹೊರಗೋಡೆ ಬಹುಪಾಲು ಬೋಳು, ಸನ್ಯಾಸಿಯ ತಲೆಯ ಹಾಗೆ. ಜಿನನಾಥಪುರದ ಗೋಡೆ ಹಾಗಲ್ಲ. ಜಿನರು, ಯಕ್ಷ ಯಕ್ಷಿಯರು, ಅವರ ಪಕ್ಕದಲ್ಲೇ ಕುಣಿಯುವ ಹೆಂಗಸರು, ವಾದ್ಯ ನುಡಿಸುವವರು. ಹೊಯ್ಸಳ ನಾಡಿನ ಕಲ್ಲುಕುಟಿಗನಿಗೆ ಬರುತ್ತಿದ್ದ ಕೆಲಸವೆಲ್ಲ ಅಲ್ಲಿದೆ. ಒಳಗೆ ಹೋದರೆ ಶಾಂತಿನಾಥ ಬೆತ್ತಲೆ ಮೌನದಲ್ಲಿದ್ದಾನೆ. ಹೊರಗಿನ ಆ ಸಂತೆಯಿಂದ ಒಳಗಿನ ತಪಸ್ಸು ಕೆಟ್ಟಿಲ್ಲ. ಒಂದು ಧರ್ಮ ಒಂದು ನಾಡಿನದಾಗುವುದು ಹೀಗೆ: ಕೆಲಸ ಬಲ್ಲವನ ಕೈಗೆ ಉಳಿ ಕೊಟ್ಟು, ಅವನ ಮೇಲೆ ಸ್ವಲ್ಪ ಭರವಸೆಯಿಟ್ಟು. ದುಬ್ವಾ ತಮ್ಮ ಗ್ರಂಥಕ್ಕೆ ಜೈನರ ಬಗ್ಗೆ ಒಂದು ಅನುಬಂಧವನ್ನೇ ಸೇರಿಸಿದ್ದಾರೆ, ಅದರಲ್ಲಿ ಬೆಳಗೊಳದ ದೊಡ್ಡ ಮೂರ್ತಿಯ ಪ್ರಸ್ತಾಪವೂ ಇದೆ. ಅವರ ಕಣ್ಣು ಮೂರ್ತಿಯ ಎತ್ತರದ ಮೇಲೆ, ಮತದ ಸಿದ್ಧಾಂತಗಳ ಮೇಲೆ.

ಅಮಲೋರ್ಪವದಾಸರ ಮೇಲೆ ನಮ್ಮ ತಕರಾರು ಶುರುವಾಗುವುದೂ ಇಲ್ಲಿಂದಲೇ. ಕ್ರೈಸ್ತ ಧರ್ಮ ಭಾರತೀಯವಾಗಬೇಕು ಎಂದು ಅವರು ಜೀವಮಾನವೆಲ್ಲ ದುಡಿದರು. ಆದರೆ ಯಾವ ಭಾರತ? 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟ ಹನ್ನೆರಡು ಬದಲಾವಣೆಗಳ ಹಿಂದೆ ಅವರ ಶ್ರಮ ಇತ್ತು. ಪೂಜೆಗೆ ನೆಲದ ಮೇಲೆ ಕೂರಬಹುದು. ಮೊಣಕಾಲೂರುವ ಬದಲು ಕೈಮುಗಿಯಬಹುದು, ಪಂಚಾಂಗ ಪ್ರಣಾಮ ಮಾಡಬಹುದು. ಮೇಣದ ಬತ್ತಿಯ ಜಾಗದಲ್ಲಿ ಎಣ್ಣೆಯ ದೀಪ. ತಟ್ಟೆಯಲ್ಲಿ ಹೂವು, ಧೂಪ, ದೀಪದ ಆರತಿ. ಪವಿತ್ರ ವಸ್ತುವಿಗೆ ಮುತ್ತಿಡುವ ಬದಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು. ನ್ಯಾಯವಾಗಿ ಹೇಳಬೇಕೆಂದರೆ ಇವುಗಳಲ್ಲಿ ಹೆಚ್ಚಿನವು ಯಾವ ಜಾತಿಯ ಸ್ವತ್ತೂ ಅಲ್ಲ. ನೆಲದ ಮೇಲೆ ಕೂರುವುದು, ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮ ಮನೆಗಳಲ್ಲೂ ಇದೆ; ಕುರ್‌ಆನ್ ಕೆಳಗೆ ಬಿದ್ದರೆ ನಮ್ಮ ತಾಯಂದಿರು ಮಾಡುತ್ತಿದ್ದದ್ದು ಅದನ್ನೇ. ಇವನ್ನು ವಿರೋಧಿಸಿ ಗಲಾಟೆ ಎಬ್ಬಿಸಿದ ಕ್ಯಾಥೊಲಿಕರಿಗೆ, ಯುರೋಪಿನ ಬತ್ತಿ ಪವಿತ್ರ, ಇಲ್ಲಿಯ ಹಣತೆ ಅಪವಿತ್ರ ಹೇಗಾಯಿತು ಎಂದು ಕೇಳಬೇಕಾಗುತ್ತದೆ.

ಆದರೆ ಸಂಜ್ಞೆಗಳಿಂದ ವಿಚಾರಕ್ಕೆ ಬಂದಾಗ ಹಾದಿ ಬೇರೆಯಾಗುತ್ತದೆ. 1974ರಲ್ಲಿ ಬೆಂಗಳೂರಿನ ಅವರ ಕೇಂದ್ರದಲ್ಲಿ ಬೈಬಲ್ಲಿನ ಹೊರಗಿನ ಧರ್ಮಗ್ರಂಥಗಳ ಬಗ್ಗೆ ದೊಡ್ಡ ಸಂಶೋಧನಾ ಗೋಷ್ಠಿ ನಡೆಯಿತು. ಅವನ್ನು ಪೂಜೆಯಲ್ಲಿ ಓದಬಹುದೇ ಎಂಬ ಧೈರ್ಯದ ಪ್ರಶ್ನೆ ಅದು, ರೋಮ್ ಒಪ್ಪಲಿಲ್ಲ. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಅವರು ಕಟ್ಟಿದ ಅಂಜಲಿ ಆಶ್ರಮ, ಅಲ್ಲಿ ಅವರಿಗೆ ಬಂದ 'ಗುರೂಜಿ' ಎಂಬ ಹೆಸರು, ಓಂಕಾರ, ಧ್ಯಾನ, ಉಪನಿಷತ್ತಿನ ಪರಿಭಾಷೆ, ಇವೆಲ್ಲ ಒಂದೇ ದಿಕ್ಕಿಗೆ ಕೈ ತೋರಿಸುತ್ತವೆ. ಇದು ಅವರೊಬ್ಬರ ದಾರಿಯಲ್ಲ. 17ನೇ ಶತಮಾನದ ಆರಂಭದಲ್ಲಿ ಮದುರೆಯಲ್ಲಿ ಕಾವಿ ಉಟ್ಟ ರಾಬರ್ಟ್ ಡಿ ನೊಬಿಲಿಯಿಂದ ಹಿಡಿದು, 1950ರಲ್ಲಿ ಕಾವೇರಿ ದಡದಲ್ಲಿ ಶಾಂತಿವನ ಕಟ್ಟಿದ ಫ್ರೆಂಚ್ ಸನ್ಯಾಸಿಗಳವರೆಗೆ, ಕ್ಯಾಥೊಲಿಕ್ ಪಂಡಿತರು ಭಾರತದ ಬಾಗಿಲು ತಟ್ಟಿದಾಗಲೆಲ್ಲ ಅಗ್ರಹಾರದ ಬಾಗಿಲನ್ನೇ ತಟ್ಟಿದ್ದಾರೆ. ದುಬ್ವಾ ಅವರನ್ನು ತಲೆಕೆಳಗು ಮಾಡಿದ ಅಮಲೋರ್ಪವದಾಸ್ ಈ ಒಂದು ವಿಷಯದಲ್ಲಿ ಅವರ ಮೊಮ್ಮಗನ ಹಾಗೇ ಕಾಣುತ್ತಾರೆ. ಒಬ್ಬರು ಬ್ರಾಹ್ಮಣನನ್ನು ನೋಡಿ ಇದೇ ಭಾರತ ಎಂದು ಬರೆದರು. ಇನ್ನೊಬ್ಬರು ವೇದಾಂತವನ್ನು ನೋಡಿ ಇದೇ ಭಾರತ ಎಂದು ಅಪ್ಪಿಕೊಂಡರು. ನಡುವೆ ಇದ್ದ ಜನ ಅವರ ಚರ್ಚಿನ ಬೆಂಚುಗಳ ಮೇಲೇ ಕೂತಿದ್ದರು. ಅಂಥ ಭಾರತದಲ್ಲಿ ದರ್ಗಾದ ಚಾದರಕ್ಕೆ ಎಲ್ಲಿ ಜಾಗ ಎಂದು ನಾವು ಕೇಳಿದರೆ ಅದು ಅಧಿಕಪ್ರಸಂಗವಾಗಲಾರದು.

ಆ ದಿನಗಳ ಮೈಸೂರನ್ನು ನೆನೆದರೆ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. 1973ರ ಬೂಸಾ ಗಲಾಟೆ ಹೊತ್ತಿಕೊಂಡದ್ದು ಮೈಸೂರಿನಲ್ಲಿ, ಸಚಿವ ಬಸವಲಿಂಗಪ್ಪನವರ ಒಂದು ಮಾತಿನಿಂದ. ದಲಿತ ಚಳವಳಿ ಬೆಳೆದದ್ದು ಅದರ ಬೆಂಕಿಯಿಂದ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಪ್ರೊಟೆಸ್ಟೆಂಟ್ 1981ರಲ್ಲಿ ಅರವಿಂದ ನಿರ್ಮಲ್ ಎಂಬ ಪ್ರೊಟೆಸ್ಟೆಂಟ್ ಚಿಂತಕರು ಶೂದ್ರ ದೇವತಾಶಾಸ್ತ್ರದ ಮಾತೆತ್ತಿದರು. ಮುಂದೆ ದಲಿತ ದೇವತಾಶಾಸ್ತ್ರ ಎಂದು ಹೆಸರಾದದ್ದು ಅದೇ. ಅವರ ಪ್ರಶ್ನೆ ಸರಳ: ಯಾವ ವೇದಾಂತದ ನೆರಳು ಬಿದ್ದರೆ ನಮ್ಮ ಅಜ್ಜಂದಿರು ಓಡಬೇಕಾಗಿತ್ತೋ ಅದೇ ವೇದಾಂತವನ್ನು ಚರ್ಚಿನ ಒಳಗೂ ಯಾಕೆ ತರುತ್ತೀರಿ? ಇನ್ನು ಕ್ಯಾಂಪಸ್ಸಿನ ಒಳಗೇ, ಜಯಲಕ್ಷ್ಮೀವಿಲಾಸದಲ್ಲಿ ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರು ಕಟ್ಟಿದ ಜಾನಪದ ವಸ್ತುಸಂಗ್ರಹಾಲಯ ಇತ್ತು. ನೇಗಿಲು, ಒನಕೆ, ಸೋಮನ ಮುಖ, ತೊಗಲುಗೊಂಬೆ. ಭಾರತೀಯ ಕ್ರೈಸ್ತ ಧರ್ಮವನ್ನು ಹುಡುಕುವವರಿಗೆ ಬೆಟ್ಟದ ತಪ್ಪಲಿಗಿಂತ ಆ ಅರಮನೆ ಹತ್ತಿರದಲ್ಲಿತ್ತು.

ಹಾಗಾದರೆ ಹುಡುಕುವಂಥದ್ದು ಏನಿತ್ತು ಎಂದು ಯಾರಾದರೂ ಕೇಳಬಹುದು. ಹಾಸನಕ್ಕೆ ಹತ್ತಿರದ ಶೆಟ್ಟಿಹಳ್ಳಿಯನ್ನು ನೋಡಿ. ಹೇಮಾವತಿಯ ದಡದಲ್ಲಿ ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ ಜಪಸರ ಮಾತೆಯ ಚರ್ಚು ಅಲ್ಲಿದೆ. ಅದನ್ನು ದುಬ್ವಾ ಕಟ್ಟಿಸಿದರು ಎಂದು ಹೇಳುವ ರೂಢಿ ಇದೆ. 1860ರ ದಶಕದ ಕಟ್ಟಡ ಎನ್ನುವುದೂ ಅದೇ ಬಾಯಿ. ಸತ್ತು ಹನ್ನೆರಡು ವರ್ಷವಾದ ಮೇಲೆ ಯಾರೂ ಚರ್ಚು ಕಟ್ಟಿಸಲಾರರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರು ಬಂತು, ಊರು ಎದ್ದು ಹೋಯಿತು, ಚರ್ಚು ಉಳಿಯಿತು. ಈಗ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಛಾವಣಿಯಿಲ್ಲದ ಎಲುಬುಗೂಡಿನಂತೆ ಎದ್ದು ನಿಲ್ಲುತ್ತದೆ, ಬೆಂಗಳೂರಿನವರು ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಮಾನಸಗಂಗೋತ್ರಿಯಲ್ಲಿ ಭಾರತೀಯ ಕ್ರೈಸ್ತ ಎಂದರೇನು ಎಂಬ ಚರ್ಚೆಗೆ ಕುರ್ಚಿ ಹಾಕುತ್ತಿದ್ದ ಅದೇ ವರ್ಷಗಳಲ್ಲಿ, ಕನ್ನಡದಲ್ಲೇ ಪ್ರಾರ್ಥಿಸಿ ಕನ್ನಡದಲ್ಲೇ ಬೈದಾಡುತ್ತಿದ್ದ ಒಂದು ಭಾರತೀಯ ಕ್ರೈಸ್ತ ಊರು ನೀರಿಗೆ ಹೋಗುತ್ತಿತ್ತು. ಇದಕ್ಕೆ ಅಮಲೋರ್ಪವದಾಸರನ್ನು ಹೊಣೆ ಮಾಡುವುದು ನಮ್ಮ ಉದ್ದೇಶವಲ್ಲ. ಅಣೆಕಟ್ಟು ಕಟ್ಟಿದ್ದು ಸರ್ಕಾರ. ಅದರ ನೀರು ನಮ್ಮ ಹೊಲಗಳಿಗೂ ಬಂದಿದೆ. ನಾವು ಹೇಳುವುದು ಇಷ್ಟೆ: ಸ್ವಾಮಿ ಎಂಬ ಪದವನ್ನು ಮೊದಲು ಕೊಟ್ಟವರು ಈ ಜನ. ವೇಳಾಂಕಣ್ಣಿಗೆ ಹೋಗಿ ಮುಡಿ ಕೊಟ್ಟು ಬರುವವರು ಇಂಥ ಜನ. ಅವರ ಭಾರತೀಯತೆಗೆ ಯಾರ ಮುದ್ರೆಯೂ ಬೇಕಾಗಿರಲಿಲ್ಲ, ಅದು ಪಠ್ಯವಾಗಬೇಕಾಗಿತ್ತು.

ಭಾಷೆಯ ಮಾತನ್ನೂ ಎತ್ತಬೇಕು, ಚಿಕ್ಕದಾಗಿ. ಜನಭಾಷೆಯಲ್ಲಿ ಪೂಜೆ ಎಂದು ರೋಮ್ ಹೇಳಿದ ಮೇಲೆ ಬೆಂಗಳೂರಿನಲ್ಲಿ ಯಾವ ಜನ, ಯಾವ ಭಾಷೆ ಎಂಬ ಜಗಳ ದಶಕಗಳ ಕಾಲ ನಡೆಯಿತು. ಕನ್ನಡ ಕ್ಯಾಥೊಲಿಕರು ತಮ್ಮ ರಾಜ್ಯದಲ್ಲೇ ತಮ್ಮ ಭಾಷೆಗಾಗಿ ಚರ್ಚಿನ ಹೊಸ್ತಿಲಲ್ಲಿ ಕೂರಬೇಕಾಯಿತು. ಹಿನ್ನೀರಿನವರ ನೋವನ್ನು ಕಾದಂಬರಿಯಾಗಿ ಕನ್ನಡಕ್ಕೆ ಕೊಟ್ಟ ನಾ. ಡಿಸೋಜ, 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು, ಯಾವ ಕ್ಯಾಂಪಸ್ಸಿನ ಪ್ರಾಧ್ಯಾಪಕರೂ ಆಗಿರಲಿಲ್ಲ. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದರು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಕ್ಯಾಥೊಲಿಕ್ ಬದುಕಿನ ಒಂದು ದೊಡ್ಡ ಕನ್ನಡ ವಿಭಾಗವೇ ಮುಚ್ಚಿದಂತಾಯಿತು ಎಂದು ನಮಗೆ ಅನಿಸಿತ್ತು.

ಇಷ್ಟೆಲ್ಲ ತಕರಾರಿನ ನಂತರವೂ ಅಮಲೋರ್ಪವದಾಸರ ಮೂಲ ಹೆಜ್ಜೆಯನ್ನು ನಾವು ಅಸೂಯೆಯಿಂದಲೇ ನೋಡುತ್ತೇವೆ. ಅವರು 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು, ಐವತ್ತೆಂಟು ತುಂಬುವ ಮೊದಲೇ. ಇದ್ದಿದ್ದರೆ ದಲಿತರ ಪ್ರಶ್ನೆಗೆ ಏನೆಂದು ಉತ್ತರಿಸುತ್ತಿದ್ದರೋ. ಪ್ರಶ್ನೆ ಕೇಳಬಹುದಾದ ಜಾಗವನ್ನಂತೂ ಅವರು ಮಾಡಿಟ್ಟಿದ್ದರು. ನಾವು ಈಗ ಮಾಡುತ್ತಿರುವ ಟೀಕೆಗೂ ಆ ಜಾಗ ಬೇಕು.

ನಮ್ಮದು ಹೇಗಿದೆ? ಇಸ್ಲಾಂ ನಮ್ಮ ವಿಶ್ವವಿದ್ಯಾನಿಲಯಗಳಿಗೆ ಬಹುಮಟ್ಟಿಗೆ ಉರ್ದು, ಫಾರಸಿಗಳ ಹೆಗಲ ಮೇಲೆ ಕೂತು ಬಂತು. ಉರ್ದು ವಿಭಾಗದಲ್ಲಿ ಮೀರ್, ಗಾಲಿಬ್, ಇಕ್ಬಾಲ್ ಇದ್ದಾರೆ, ಇರಬೇಕು. ಆದರೆ ಆ ಕೋಣೆಗೆ ಬರುವವರು ಹೆಚ್ಚಾಗಿ ನಮ್ಮ ಹುಡುಗ ಹುಡುಗಿಯರೇ. ಪಕ್ಕದ ಕೋಣೆಯ ಗೌಡರ ಹುಡುಗನಿಗೆ ನಮ್ಮ ಬಗ್ಗೆ ತಿಳಿಯುವುದು ಟಿ.ವಿ.ಯಿಂದ. 2022ರ ಫೆಬ್ರವರಿಯಲ್ಲಿ ನಮ್ಮ ಹೆಣ್ಣುಮಕ್ಕಳು ತಲೆವಸ್ತ್ರದ ಕಾರಣಕ್ಕೆ ಕಾಲೇಜಿನ ಗೇಟಿನ ಹೊರಗೆ ನಿಂತರು. ಮಾರ್ಚಿಯಲ್ಲಿ ಹೈಕೋರ್ಟಿನ ತೀರ್ಪು ಬಂತು. ಆ ದಿನಗಳಲ್ಲಿ ಕ್ಯಾಂಪಸ್ಸು ನಮ್ಮನ್ನು ಬಟ್ಟೆಯಾಗಿ ಮಾತ್ರ ಕಂಡಿತು. ಬಟ್ಟೆಯನ್ನು ತಡೆಯುವುದು ಸುಲಭ. ನಾಲ್ಕು ಸೆಮಿಸ್ಟರುಗಳ ಪಠ್ಯವಾಗಿ, ನಮ್ಮವರಲ್ಲದ ವಿದ್ಯಾರ್ಥಿಗಳ ನೋಟ್‌ಬುಕ್ಕುಗಳಲ್ಲಿ ನಾವು ಇದ್ದಿದ್ದರೆ ಗೇಟು ತೆರೆದಿರುತ್ತಿತ್ತು ಎಂದು ಹೇಳುವಷ್ಟು ಮುಗ್ಧರು ನಾವಲ್ಲ. ಗೇಟಿನ ಒಳಗಿನಿಂದ ಇನ್ನೂ ಒಂದೆರಡು ದನಿಗಳಾದರೂ ಕೇಳಿಸುತ್ತಿದ್ದವು.

ಪಠ್ಯವಾಗುವುದೆಂದರೆ ಅರಬ್ಬಿನ ಕಡೆಗೆ ಮಾತ್ರ ನೋಡುವುದೂ ಅಲ್ಲ. ಅಮಲೋರ್ಪವದಾಸರು ಉಪನಿಷತ್ತಿನ ಕಡೆ ನೋಡಿ ಊರನ್ನು ಬಿಟ್ಟರು. ನಮ್ಮ ಸುಧಾರಕರಲ್ಲಿ ಕೆಲವರು ಮದೀನಾದ ಕಡೆ ನೋಡಿ ಊರನ್ನು ಬಿಡುತ್ತಿದ್ದಾರೆ. ಉರುಸು ಶಿರ್ಕ್, ಮೊಹರಂ ಕುಣಿತ ಶಿರ್ಕ್, ಹೀಗೆ ಹೊಡೆದು ಹಾಕುತ್ತ ಹೋದರೆ ಉಳಿಯುವ ಇಸ್ಲಾಮಿಗೆ ಕರ್ನಾಟಕದ ಗುರುತೇ ಇರುವುದಿಲ್ಲ. ರಹಮತ್ ತರೀಕೆರೆಯವರು 1998ರ 'ಕರ್ನಾಟಕದ ಸೂಫಿಗಳು' ಪುಸ್ತಕದಲ್ಲಿ ದರ್ಗಾಗಳನ್ನು ಸುತ್ತಿ, ಕನ್ನಡ ವಿಶ್ವವಿದ್ಯಾಲಯದ ಮೇಜಿನ ಮೇಲೆ ಅವನ್ನು ತಂದಿಟ್ಟರು. ಅದು ಪೀಠವಿಲ್ಲದೆ ಒಬ್ಬರು ಮಾಡಿದ ಪೀಠದ ಕೆಲಸ. ಅದಕ್ಕೂ ಮೊದಲು ನಮ್ಮ ಜಿಲ್ಲೆಯವರೇ ಆದ ಸಕಲೇಶಪುರದ ಎಸ್.ಕೆ. ಕರೀಂಖಾನರು ಹೆಗಲಿಗೊಂದು ಚೀಲ ಹಾಕಿಕೊಂಡು ಹಳ್ಳಿ ಹಳ್ಳಿ ಅಲೆದು ಕನ್ನಡದ ಜನಪದ ಹಾಡುಗಳನ್ನು ಕೂಡಿಹಾಕಿದರು. ಜನ ಅವರನ್ನು ಜಾನಪದ ಜಂಗಮ ಎಂದರು. ಮುಸಲ್ಮಾನನಿಗೆ ಜಂಗಮ ಎನ್ನಲು ಆ ಜನಕ್ಕೆ ಏನೂ ತೊಡಕಾಗಲಿಲ್ಲ, ಹಿಂದೆ ಫ್ರೆಂಚ್ ಪಾದ್ರಿಗೆ ಸ್ವಾಮಿ ಎಂದ ಹಾಗೆಯೇ.

ಮುಂದೆ ಯಾವುದಾದರೂ ವಿಶ್ವವಿದ್ಯಾನಿಲಯದಲ್ಲಿ ನಮ್ಮ ಹೆಸರಿನಲ್ಲೂ ಪೀಠವೊಂದು ಬಂದರೆ ಅದರ ಮೊದಲ ವರ್ಷದ ಕ್ಷೇತ್ರಕಾರ್ಯಕ್ಕೆ ನಮ್ಮ ಹುಡುಗರನ್ನು ದರ್ಗಾಗಳಿಗೆ ಮಾತ್ರ ಕಳಿಸಬೇಡಿ, ಜಿನನಾಥಪುರಕ್ಕೂ ಶೆಟ್ಟಿಹಳ್ಳಿಗೂ ಕಳಿಸಿ ಎಂದು ನಾವು ಕೇಳಿಕೊಳ್ಳುತ್ತೇವೆ. ಕ್ರೈಸ್ತ ವಿಭಾಗದ ಹುಡುಗರೂ ಜೊತೆಗೆ ಬರಲಿ. ಹಿನ್ನೀರು ಬಂದಾಗ ಮೂವತ್ತರ ಆಸುಪಾಸಿನಲ್ಲಿದ್ದ ಹೆಂಗಸರಿಗೆ ಈಗ ಎಂಬತ್ತರ ಹತ್ತಿರ. ಆ ಚರ್ಚಿನಲ್ಲಿ ಕ್ರಿಸ್‌ಮಸ್ ರಾತ್ರಿ ಏನು ಹಾಡುತ್ತಿದ್ದಿರಿ ಅಜ್ಜಿ, ಪಕ್ಕದೂರಿನ ಸಾಬರ ಮನೆಯವರು ಬರುತ್ತಿದ್ದರೇ ಎಂದು ಕೇಳುವುದಕ್ಕೆ ಮೈಸೂರಿನಿಂದ ಹಾಸನದ ಬಸ್ಸು ಹತ್ತಿದರೆ ಮೂರು ಗಂಟೆಯ ದಾರಿ.